ಐದಿದ್ದ ಐ ಎಷ್ಟಾಯ್ತು?

ಬ್ಲಾಗಿನ ಕಡೆ ತಲೆ ಹಾಕದೆ ತುಂಬಾ ದಿನ ಆಗಿತ್ತು. ಇವತ್ತು ಧೂಳು ಹೊಡೆದು ಕೂತಿದ್ದೀನಿ. ಕಾರಣ ಒಂದು ಹಳೇ ಟ್ರಂಕು.

ಮೊನ್ನೆ ಹೊಳೆನರಸೀಪುರಕ್ಕೆ ಹೋಗಿದ್ದೆ. "ಅಟ್ಟದ ಮೇಲೆ ನಿನ್ನ ಕಾಲೇಜಿನ ಟ್ರಂಕು ಹಂಗೇ ಕೂತಿದೆ. ಬೇಕಾದ್ರೆ ತಗೊಂಡ್ ಹೋಗು, ಇಲ್ಲಾಂದ್ರೆ ಹಂಡೆ ಒಲೆಗೆ ಹಾಕ್ತೀನಿ" ಅಂದ್ರು ಅಮ್ಮ. ಇಳಿಸಿ ತೆಗೆದರೆ ಡ್ರಾಯಿಂಗ್ ಶೀಟು, ತುಕ್ಕು ಹಿಡಿದ ಕಂಪಾಸು, ನಾಲ್ಕು ಫ್ಲಾಪಿ, ಎಲ್ಲದರ ಅಡಿಯಲ್ಲಿ ಸ್ಪೈರಲ್ ಬೈಂಡ್ ಮಾಡಿಸಿದ ಒಂದು ಜೆರಾಕ್ಸ್ ಪುಸ್ತಕ. ಮುಖಪುಟ ಇಲ್ಲ, ಬರೆದವರ ಹೆಸರಿಲ್ಲ. ಒಳಗೆ ಇನ್ನೂರು ಚಿಲ್ಲರೆ ಪ್ರಶ್ನೆ. ಎಲ್ಲಾ ಸಿ ಭಾಷೆಯದು. ಕನ್ನಡದ 'ಸಿಹಿ' ಸಿ ಅಲ್ಲ, ಕಂಪ್ಯೂಟರಿನ ಸಿ :-)

ಒಂದು ಪುಟದಲ್ಲಿ ಹೀಗಿತ್ತು: ಐ = 5 ಆಗಿದ್ದರೆ, ++ಐ + ++ಐ + ++ಐ ಎಷ್ಟು? ಕೆಳಗೆ ಅಚ್ಚಾದ ಉತ್ತರ 24. ಅದರ ಪಕ್ಕ ಪೆನ್ಸಿಲಿನಲ್ಲಿ ಸಣ್ಣಗೆ, ಗುಂಡಗೆ, ಕನ್ನಡದಲ್ಲಿ ಯಾರೋ ಬರೆದಿದ್ದರು: "ಇದಕ್ಕೆ ಉತ್ತರ ಇಲ್ಲ."

'ಯಾರೋ' ಏನು, ಅಕ್ಷರ ನೋಡಿದ ತಕ್ಷಣ ಗೊತ್ತಾಯ್ತು. ಅರಕಲಗೂಡಿನವನದು. ಅಟ್ಟದ ಏಣಿಯ ಮೇಲೇ ಕೂತುಬಿಟ್ಟೆ.

ಪ್ರೋಗ್ರಾಮಿಂಗ್ ಗೊತ್ತಿಲ್ಲದ ಗೆಳೆಯರು ದಯವಿಟ್ಟು ಓಡಿಹೋಗಬೇಡಿ. ಇದು ಕೂಡೋ ಲೆಕ್ಕದ ಕಥೆ ಅಷ್ಟೇ. ಜೊತೆಗೆ ಒಂದು ಪರೀಕ್ಷೆ ಎಲ್ಲಿಂದ ಹುಟ್ಟಿ, ಎಲ್ಲೆಲ್ಲಿ ಸುತ್ತಿ, ನಮ್ಮ ಹಾಸನಕ್ಕೆ ಹೇಗೆ ಬಂತು ಅನ್ನೋ ಇತಿಹಾಸ.

* * *

ನಾನು ಇಂಜಿನಿಯರಿಂಗಿಗೆ ಸೇರಿದ್ದು 2002ರಲ್ಲಿ. ಹಾಸನಕ್ಕೆ ಇಂಜಿನಿಯರಿಂಗ್ ಹೊಸದೇನಲ್ಲ. ಮಲೆನಾಡು ಇಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1960ರಲ್ಲಿ. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಬಂದಿದ್ದು 1982ರಲ್ಲಿ, ಇನ್ಸಾಟ್-1ಎ ಕಾಲಕ್ಕೆ. ಆಮೇಲೆ ಶ್ರವಣಬೆಳಗೊಳದಲ್ಲಿ ಬಾಹುಬಲಿ ಕಾಲೇಜು ಬಂತು, 2007ರಲ್ಲಿ ಹಾಸನದಲ್ಲೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ ಆಯ್ತು. 1994ರಲ್ಲಿ ಸಿಇಟಿ ಬಂದಿದ್ದರಿಂದ ಹಳ್ಳಿಯ ಮಕ್ಕಳಿಗೂ ಸೀಟು ಸಿಗೋ ದಾರಿಯಾಯ್ತು. 1998ರಲ್ಲಿ ಬೆಳಗಾವಿಯಲ್ಲಿ ವಿಟಿಯು ಹುಟ್ಟಿ, ರಾಜ್ಯದ ಬಹುತೇಕ ಇಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಸಿಲಬಸ್ಸು ಆಯ್ತು.

ಆ ಸಿಲಬಸ್ಸಿನಲ್ಲಿ ಸಿಸಿಪಿ ಅಂತ ಒಂದು ವಿಷಯ. ಕಂಪ್ಯೂಟರ್ ಕಾನ್ಸೆಪ್ಟ್ಸ್ ಅಂಡ್ ಸಿ ಪ್ರೋಗ್ರಾಮಿಂಗ್. ಸಿವಿಲ್ ಇರಲಿ, ಮೆಕ್ಯಾನಿಕಲ್ ಇರಲಿ, ಮೊದಲ ವರ್ಷ ಎಲ್ಲರೂ ಓದಲೇಬೇಕು. ಮೌಸ್ ಮುಟ್ಟದವರೂ ಸಿ ಕಲಿತಿದ್ದು ಹೀಗೆ.

ನಾವು ನಾಲ್ಕು ಜನ ಒಟ್ಟಿಗೆ ಓದುತ್ತಿದ್ದೆವು. ನಮ್ಮ ಕಡೆ ಹುಡುಗರಿಗೆ ಹೆಸರಿಗಿಂತ ಊರೇ ಹೆಸರು ನೋಡಿ. ಒಬ್ಬ 'ಹಾಸನ', ಒಬ್ಬ 'ಅರಕಲಗೂಡು', ಇನ್ನೊಬ್ಬ 'ಪಟ್ಣ' ಅಂದರೆ ಚನ್ನರಾಯಪಟ್ಟಣ, ನಾನು 'ಎಚ್.ಎನ್.ಪುರ'. ಹಾಸನದವನ ಮನೆಯ ಮಹಡಿ ಮೇಲಿನ ರೂಮೇ ನಮ್ಮ ಅಡ್ಡ. ಯಾಕಂದ್ರೆ ಅಲ್ಲಿ ಕಂಪ್ಯೂಟರಿತ್ತು, ಅವರಮ್ಮ ಮಾಡೋ ಕಡುಬು ಇತ್ತು. ನಾನು ಮೈಸೂರು-ಅರಸೀಕೆರೆ ಪ್ಯಾಸೆಂಜರಿಗೋ ಬಸ್ಸಿಗೋ ಬರುತ್ತಿದ್ದೆ. ಅರಕಲಗೂಡಿನವನ ಊರು ರಾಮನಾಥಪುರದ ಹತ್ತಿರ, ಕಾವೇರಿ ದಂಡೆಯ ಕಡೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಅವನು ಸಿ ಕಲಿತಿದ್ದು ಕಂಪ್ಯೂಟರಿನ ಮುಂದೆ ಅಲ್ಲ, ಹಾಳೆಯ ಮೇಲೆ. ಬಸ್ಸಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಪ್ರೋಗ್ರಾಂ ಬರೆದು, ಒಂದೊಂದೇ ಸಾಲು ತಾನೇ ಕಂಪ್ಯೂಟರಾಗಿ ಓಡಿಸೋನು.

ಲ್ಯಾಬಿನಲ್ಲಿ ಟರ್ಬೊ ಸಿ. ಅಮೆರಿಕದ ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ಬಿಟ್ಟ ಸಾಫ್ಟ್‌ವೇರು. ಆ ನೀಲಿ ಪರದೆ ಯಾರಿಗೆ ನೆನಪಿಲ್ಲ ಹೇಳಿ? ಕಂಟ್ರೋಲ್ ಜೊತೆ ಎಫ್9 ಒತ್ತಿದರೆ ಪ್ರೋಗ್ರಾಂ ಓಡುತ್ತೆ, ಆಲ್ಟ್ ಜೊತೆ ಎಫ್5 ಒತ್ತಿದರೆ ಉತ್ತರ ಕಾಣುತ್ತೆ. ಅದು 16 ಬಿಟ್ ಕಾಲದ ಸರಕು. ಅದರಲ್ಲಿ ಒಂದು ಪೂರ್ಣಾಂಕಕ್ಕೆ 2 ಬೈಟ್ ಜಾಗ, ಅಂದರೆ 32767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸಲ್ಲ. ಒಂದು ಕೂಡಿಸಿದರೆ ಗಿರಕಿ ಹೊಡೆದು -32768 ಆಗುತ್ತೆ. ಹೊರಗಿನ ಜಗತ್ತು 32 ಬಿಟ್ಟಿಗೆ ಹೋಗಿ ಎಷ್ಟೋ ಕಾಲ ಆಗಿತ್ತು. ನಮಗೆ ಮಾತ್ರ ಸಿ ಅಂದರೆ ಟರ್ಬೊ ಸಿ, ಟರ್ಬೊ ಸಿ ಅಂದರೆ ಸಿ. ಮುಂದೆ 64 ಬಿಟ್ ವಿಂಡೋಸಿನಲ್ಲಿ ಅದು ಓಡಲ್ಲ ಅಂತಾದಾಗಲೂ ಎಷ್ಟೋ ಲ್ಯಾಬುಗಳು ಬಿಡಲಿಲ್ಲ. ಡಾಸ್‌ಬಾಕ್ಸ್ ಅನ್ನೋ ಡಬ್ಬಿಯೊಳಗೆ ಕೂರಿಸಿ ಓಡಿಸಿದವು.

* * *

ಈಗ ಸ್ವಲ್ಪ ಹಿಂದೆ ಹೋಗೋಣ. ಈ ++ ಅನ್ನೋದು ಎಲ್ಲಿಂದ ಬಂತು?

ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ ಅಂತ ಒಬ್ಬರು. ಸುಮಾರು 1969-70ರಲ್ಲಿ ಪಿಡಿಪಿ-7 ಅನ್ನೋ ಪುಟ್ಟ ಯಂತ್ರದ ಮೇಲೆ ಯೂನಿಕ್ಸ್ ಕಟ್ಟುತ್ತಾ, 'ಬಿ' ಅನ್ನೋ ಭಾಷೆ ಮಾಡಿಕೊಂಡರು. ಆ ಯಂತ್ರದ ನೆನಪಿನ ಶಕ್ತಿ ತೀರಾ ಸಣ್ಣದು. ಒಂದೊಂದು ಪದ ಉಳಿಸಿದರೂ ಲಾಭ. 'ಐಗೆ ಒಂದು ಕೂಡಿಸಿ ಮತ್ತೆ ಐನಲ್ಲೇ ಇಡು' ಅಂತ ಉದ್ದ ಬರೆಯುವ ಬದಲು ++ಐ ಅಂದರೆ ಯಂತ್ರದ ಭಾಷೆಗೆ ಇಳಿಸಿದಾಗ ಚಿಕ್ಕದಾಗುತ್ತೆ ಅಂತ ಥಾಂಪ್ಸನ್ ಕಂಡುಕೊಂಡರು. ಮೊದಲು ++ ಹಾಕಿದರೆ ಕೂಡಿಸಿ ಆಮೇಲೆ ಬೆಲೆ ತಗೋ, ಕೊನೆಗೆ ಹಾಕಿದರೆ ಬೆಲೆ ತಗೊಂಡು ಆಮೇಲೆ ಕೂಡಿಸು. ಅಷ್ಟೇ. 'ಬಿ' ಭಾಷೆಯನ್ನು ಬೆಳೆಸಿ ಡೆನಿಸ್ ರಿಚಿ 1972ರ ಹೊತ್ತಿಗೆ 'ಸಿ' ಮಾಡಿದರು. ++ ಹಾಗೇ ಬಂತು. ಪಿಡಿಪಿ-11 ಅನ್ನೋ ಯಂತ್ರದಲ್ಲಿ ಅಂಥ ಸೌಲಭ್ಯ ಇದ್ದುದರಿಂದ ++ ಹುಟ್ಟಿತು ಅಂತ ಎಷ್ಟೋ ಮೇಷ್ಟ್ರು ಹೇಳಿಕೊಡುತ್ತಿದ್ದರು. 'ಬಿ' ಹುಟ್ಟಿದಾಗ ಪಿಡಿಪಿ-11 ಬಂದೇ ಇರಲಿಲ್ಲ ಅಂತ ರಿಚಿಯವರೇ 1993ರ ತಮ್ಮ ಲೇಖನದಲ್ಲಿ ಬರೆದಿದ್ದಾರೆ.

1978ರಲ್ಲಿ ಬ್ರಯನ್ ಕರ್ನಿಗನ್ ಮತ್ತು ರಿಚಿ ಸೇರಿ ಸಿ ಪುಸ್ತಕ ಬರೆದರು. ತೆಳ್ಳಗಿನ ಪುಸ್ತಕ. ಅದರ ಎರಡನೇ ಅಧ್ಯಾಯದ ಕೊನೆಯಲ್ಲಿ ಒಂದು ಎಚ್ಚರಿಕೆ ಇದೆ. ಒಂದೇ ವಾಕ್ಯದಲ್ಲಿ ಒಂದು ಬೆಲೆಯನ್ನು ಬದಲಿಸುತ್ತಾ ಅಲ್ಲೇ ಬಳಸಿದರೆ ಯಾವುದು ಮೊದಲು ಆಗುತ್ತೆ ಅಂತ ಭಾಷೆ ಹೇಳಲ್ಲ, ಹಾಗೆ ಬರೆಯಬೇಡಿ ಅನ್ನೋ ಅರ್ಥದ ಮಾತು.

1989ರಲ್ಲಿ ಸಿ ಭಾಷೆಗೆ ಅಮೆರಿಕದ ಅಧಿಕೃತ ಮಾನಕ ಬಂತು, 1990ರಲ್ಲಿ ಅಂತರರಾಷ್ಟ್ರೀಯ ಮಾನಕ. ಅದು ಈ ಗೋಜಲನ್ನು ಮೂರು ಬುಟ್ಟಿಗೆ ಹಾಕಿತು. ನಮ್ಮೂರಿನ ಲೆಕ್ಕದಲ್ಲಿ ಹೇಳ್ತೀನಿ ಕೇಳಿ.

ಒಂದನೇ ಬುಟ್ಟಿ: ಸಂತೆಯಿಂದ ಸಂತೆಗೆ ಸೇರಿನ ಅಳತೆ ಬೇರೆ ಇರಬಹುದು, ಆದರೆ ನಿನ್ನ ಸೇರು ಎಷ್ಟು ಅಂತ ಬೋರ್ಡು ಹಾಕಿರಬೇಕು. ಪೂರ್ಣಾಂಕಕ್ಕೆ 2 ಬೈಟೋ 4 ಬೈಟೋ ಅನ್ನೋದು ಈ ಜಾತಿ.

ಎರಡನೇ ಬುಟ್ಟಿ: ಅಂಗಡಿಗೆ ಇಬ್ಬರು ಒಟ್ಟಿಗೆ ಬಂದರೆ ಯಾರಿಗೆ ಮೊದಲು ಕೊಡ್ತೀನಿ ಅಂತ ಅಂಗಡಿಯವನು ಹೇಳಬೇಕಾಗಿಲ್ಲ. ಆದರೆ ಇಬ್ಬರಿಗೂ ಕೊಡಬೇಕು. ಫಂಕ್ಷನ್ನಿಗೆ ಕಳಿಸುವ ಬೆಲೆಗಳಲ್ಲಿ ಯಾವುದನ್ನು ಮೊದಲು ಲೆಕ್ಕ ಹಾಕುತ್ತೆ ಅನ್ನೋದು ಇದು.

ಮೂರನೇ ಬುಟ್ಟಿ: ಮಳೆಗಾಲದಲ್ಲಿ ತುಂಬಿ ಹರಿಯೋ ಹೇಮಾವತಿ. ಇಳಿದು ದಾಟಬೇಡ ಅಂತ ಹೇಳಿಯಾಗಿದೆ. ದಾಟಿದರೆ ಏನಾಗುತ್ತೆ ಅಂತ ಯಾರೂ ಹೊಣೆಯಲ್ಲ. ದಡ ಸೇರಬಹುದು, ಕೊಚ್ಚಿ ಹೋಗಬಹುದು. ನಿನ್ನೆ ಒಬ್ಬ ದಾಟಿದ ಅಂದ ಮಾತ್ರಕ್ಕೆ ಅಲ್ಲಿ ದಾರಿ ಇದೆ ಅಂತ ಅರ್ಥ ಅಲ್ಲ.

++ಐ + ++ಐ + ++ಐ ಬರೋದು ಮೂರನೇ ಬುಟ್ಟಿಗೆ. ಮಾನಕದ ಪ್ರಕಾರ ಆ ವಾಕ್ಯಕ್ಕೆ ಅರ್ಥವೇ ಇಲ್ಲ. ಹಾಗೆ ಬರೆದರೆ ಕಂಪೈಲರು ನಿಮ್ಮ ಮೂಗಿನಿಂದ ದೆವ್ವ ಹಾರಿಸಿದರೂ ತಪ್ಪಿಲ್ಲ ಅಂತ 1992ರಲ್ಲಿ ಸಿ ಪಂಡಿತರ ನಡುವೆ ಹುಟ್ಟಿದ ಜೋಕು ಇವತ್ತಿಗೂ ಓಡಾಡುತ್ತೆ :-)

ಯಾಕೆ ಹೀಗೆ ಬಿಟ್ಟರು? ಸೋಮಾರಿತನ ಅಲ್ಲ. ಆ ಹೊತ್ತಿಗಾಗಲೇ ಹತ್ತಾರು ಕಂಪನಿಗಳ, ಹತ್ತಾರು ಯಂತ್ರಗಳ ಕಂಪೈಲರುಗಳು ಬಂದಿದ್ದವು. ಒಂದೊಂದಕ್ಕೂ ಲೆಕ್ಕ ಬೇಗ ಆಗೋ ಕ್ರಮ ಬೇರೆ ಬೇರೆ. 'ಇದೇ ಕ್ರಮ' ಅಂತ ಕಟ್ಟು ಹಾಕಿದರೆ ಕೆಲವು ಯಂತ್ರ ನಿಧಾನ ಆಗುತ್ತವೆ. ಪ್ರೋಗ್ರಾಮರನ್ನು ನಂಬು, ಅವನು ಇಂಥ ವಾಕ್ಯ ಬರೆಯಲ್ಲ ಅನ್ನೋದು ಸಿ ಭಾಷೆಯ ಧೋರಣೆ.

ಪಾಪ, ಇಂಥ ವಾಕ್ಯವನ್ನೇ ಪರೀಕ್ಷೆಗೆ ಇಡ್ತಾರೆ ಅಂತ ಅವರಿಗೇನು ಗೊತ್ತು!

ಉತ್ತರಗಳನ್ನೇ ನೋಡಿ. ಟರ್ಬೊ ಸಿಯಲ್ಲಿ 24. ಅದು ಮೂರೂ ++ ಮೊದಲು ಮುಗಿಸಿ ಐ 8 ಆದಮೇಲೆ 8+8+8 ಅನ್ನುತ್ತೆ. ಲಿನಕ್ಸಿನ ಜಿಸಿಸಿಯಲ್ಲಿ ಸಾಮಾನ್ಯವಾಗಿ 22. ಅದು ಮೊದಲ ಎರಡನ್ನು ಸೇರಿಸಿ 7+7, ಆಮೇಲೆ 8. 2007ರಲ್ಲಿ ಬಂದ ಕ್ಲ್ಯಾಂಗ್ ಕಂಪೈಲರಿನಲ್ಲಿ ಸಾಮಾನ್ಯವಾಗಿ 21, ಅಂದರೆ 6+7+8. ಇವೆಲ್ಲ ಹೊಳೆ ದಾಟಿದವರ ಕಥೆಗಳು. ಜಾವಾದಲ್ಲಿ ಮಾತ್ರ 21 ಅನ್ನೋದು ಖಾತ್ರಿ, ಯಾಕಂದ್ರೆ ಎಡದಿಂದ ಬಲಕ್ಕೇ ಹೋಗಬೇಕು ಅಂತ ಆ ಭಾಷೆಯ ಕಾನೂನೇ ಹೇಳುತ್ತೆ.

* * *

ಹಾಗಾದರೆ ಪರೀಕ್ಷೆ ಎಲ್ಲಿಂದ ಬಂತು?

ಸಿ ಭಾಷೆಯಲ್ಲಿ ಒಗಟು ಹಾಕೋ ಚಾಳಿ ಹಳೇದು. 1982ರಲ್ಲೇ ಅಲನ್ ಫ್ಯೂಯರ್ ಅನ್ನುವವರು 'ದಿ ಸಿ ಪಜಲ್ ಬುಕ್' ತಂದರು. 1984ರಲ್ಲಿ ಯಾರಿಗೂ ಅರ್ಥವಾಗದ ಹಾಗೆ ಸಿ ಬರೆಯೋ ಸ್ಪರ್ಧೆಯೇ ಶುರುವಾಯ್ತು, ತಮಾಷೆಗೆ. 1989ರಲ್ಲಿ ಬೆಲ್ ಲ್ಯಾಬ್ಸಿನವರೇ ಆದ ಆಂಡ್ರ್ಯೂ ಕೋನಿಗ್ 'ಸಿ ಟ್ರ್ಯಾಪ್ಸ್ ಅಂಡ್ ಪಿಟ್‌ಫಾಲ್ಸ್' ಬರೆದರು. ಅದು ಎಲ್ಲೆಲ್ಲಿ ಗುಂಡಿ ಇದೆ ಅಂತ ತೋರಿಸಿ ಬೀಳದಂತೆ ಕಾಪಾಡೋ ಪುಸ್ತಕ.

ನಮ್ಮಲ್ಲಿ ಯಶವಂತ ಕಾನೇಟ್ಕರ್ ಅವರ 'ಲೆಟ್ ಅಸ್ ಸಿ' ಮನೆಮಾತು. ಅವರದೇ 'ಟೆಸ್ಟ್ ಯುವರ್ ಸಿ ಸ್ಕಿಲ್ಸ್' ಕೂಡ ಇತ್ತು. ಬಾಲಗುರುಸ್ವಾಮಿ ಅವರ ಪುಸ್ತಕ ಇನ್ನೊಂದು ಕಡೆ. ಈ ಪುಸ್ತಕಗಳಿಂದ, ಕಂಪ್ಯೂಟರ್ ಕ್ಲಾಸುಗಳ ನೋಟ್ಸಿನಿಂದ, ಹಿಂದಿನ ವರ್ಷ ಪರೀಕ್ಷೆ ಬರೆದವರ ನೆನಪಿನಿಂದ ಪ್ರಶ್ನೆಗಳು ಜೆರಾಕ್ಸ್ ಅಂಗಡಿ ಸೇರಿದವು. ಜೆರಾಕ್ಸಿನ ಜೆರಾಕ್ಸ್ ಆಗುತ್ತಾ 'ಟರ್ಬೊ ಸಿಯಲ್ಲಿ ಹೀಗೆ ಬರುತ್ತೆ' ಅನ್ನೋ ಮಾತು ಉದುರಿಹೋಗಿ, ಬರೀ 24 ಉಳೀತು.

ಇನ್ನೊಂದು ಕಾರಣ ಗಿರಾಕಿಗಳದು. ಇನ್ಫೋಸಿಸ್ 1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂದಿತ್ತು. 2000ನೇ ಇಸವಿ ದಾಟುವ ಹೊತ್ತಿಗೆ ಬೆಂಗಳೂರಿನ ಕಂಪನಿಗಳಿಗೆ ಸಾವಿರಗಟ್ಟಲೆ ಹುಡುಗರು ಬೇಕು. ಒಂದೇ ದಿನ ಐನೂರು ಜನರನ್ನು ಜರಡಿ ಹಿಡಿಯಬೇಕು ಅಂದರೆ ಒಬ್ಬೊಬ್ಬರ ಹತ್ತಿರ ಕೂತು ಪ್ರೋಗ್ರಾಂ ಬರೆಸೋಕಾಗುತ್ತಾ? ನಾಲ್ಕು ಆಯ್ಕೆ ಕೊಟ್ಟು ಗೆರೆ ಎಳೆಸೋದು ಸುಲಭ. ಕೆಲವು ಕಡೆ ಸಿ ಬದಲು ಬರೀ ಪಜಲ್ ಇರುತ್ತಿತ್ತು. ಅದಕ್ಕೆ ನಮ್ಮ ಬೆಂಗಳೂರಿನವರೇ ಆದ ಶಕುಂತಲಾ ದೇವಿಯವರ ಪುಸ್ತಕ ಉರುಹೊಡೆದವರೆಷ್ಟೋ.

ಚಮತ್ಕಾರದ ಪ್ರಶ್ನೆ ಕೇಳೋದೇ ತಪ್ಪು ಅಂತಲ್ಲ. ಒಗಟು ನಮ್ಮ ರಕ್ತದಲ್ಲೇ ಇದೆ. ಹೊಯ್ಸಳರ ಕಾಲದಲ್ಲಿ, 12ನೇ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ' ಅಂತ ಕನ್ನಡದಲ್ಲಿ ಲೆಕ್ಕದ ಪುಸ್ತಕ ಬರೆದಿದ್ದ. ಆದರೆ ಒಗಟಿಗೂ ಲೆಕ್ಕಕ್ಕೂ ಒಂದು ನ್ಯಾಯ ಇದೆ. ಉತ್ತರ ಕೇಳಿದ ಮೇಲೆ "ಅಯ್ಯೋ, ಹೌದಲ್ವಾ!" ಅನ್ನಿಸಬೇಕು. ಸಿ ಭಾಷೆಯಲ್ಲೂ ಅಂಥವು ಬೇಕಾದಷ್ಟಿವೆ. 'ಎ ಸೊನ್ನೆಯಾ?' ಅಂತ ಕೇಳೋಕೆ ಎರಡು ಸಮ ಚಿಹ್ನೆ ಹಾಕಬೇಕು. ಮರೆತು ಒಂದೇ ಹಾಕಿದರೆ 'ಎಗೆ ಸೊನ್ನೆ ತುಂಬು' ಅಂತಾಗಿಬಿಡುತ್ತೆ. ಕಣ್ಣಿಗೆ ಕಾಣದ ತಪ್ಪು, ಎಲ್ಲ ಕಂಪೈಲರಿನಲ್ಲೂ ಒಂದೇ ಉತ್ತರ, ನಿಜವಾದ ಕೆಲಸದಲ್ಲಿ ದಿನಾ ಎದುರಾಗುವಂಥದ್ದು. ಇದನ್ನು ಕೇಳಿದರೆ ಯಾರೂ ಬೇಡ ಅನ್ನಲ್ಲ.

* * *

2005. ಕೊನೇ ವರ್ಷ. ಕ್ಯಾಂಪಸ್ಸಿಗೆ ಒಂದು ಕಂಪನಿ ಬರುತ್ತೆ ಅಂತ ಸುದ್ದಿ. ಹೆಸರು ಬೇಡ ಬಿಡಿ, ಯಾವುದಾದರೂ ಅದೇ ಕಥೆ. ಹಾಸನದವನ ಮಹಡಿ ಮೇಲೆ ರಾತ್ರಿಯಿಡೀ ಆ ಸ್ಪೈರಲ್ ಪುಸ್ತಕದ ಪಾರಾಯಣ.

ಅರಕಲಗೂಡಿನವನು ಆ ಪ್ರಶ್ನೆ ಹತ್ತಿರ ನಿಂತ. ಅವನು ಲೈಬ್ರರಿಯಿಂದ ಕರ್ನಿಗನ್-ರಿಚಿ ತಂದು ಓದುತ್ತಿದ್ದ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಇಂಗ್ಲಿಷಿನ ಒಂದೊಂದೇ ವಾಕ್ಯ ಬಿಡಿಸಿಕೊಂಡು. ಎರಡನೇ ಅಧ್ಯಾಯದ ಕೊನೇ ಪುಟ ತೆಗೆದು ನನ್ನ ಮುಂದೆ ಹಿಡಿದ.

"ನೋಡೋ ಇಲ್ಲಿ. ಬರೆದೋರೇ ಉತ್ತರ ಇಲ್ಲ ಅಂತಿದಾರೆ."

"ಲೇ, ಬಿಡೋ. ಅಲ್ಲಿ 24ಕ್ಕೆ ಗೆರೆ ಎಳೆದ್ರೆ ಸಾಕು" ಅಂದೆ.

"ಗೊತ್ತಿಲ್ದೇ ಇದ್ದಿದ್ರೆ ಎಳೀತಿದ್ದೆ ಕಣೋ. ಈಗ ಗೊತ್ತಾಯ್ತಲ್ಲ" ಅಂದ.

ಪಟ್ಣದವನು ನಕ್ಕ. ಹಾಸನದವನು ಕಂಪ್ಯೂಟರ್ ಆನ್ ಮಾಡಿ ಟರ್ಬೊ ಸಿಯಲ್ಲಿ ಓಡಿಸಿ ತೋರಿಸಿದ. 24. "ಕಣ್ಣಾರೆ ನೋಡಿದ್ಯಲ್ಲ, ಇನ್ನೇನ್ ಬೇಕು ಗುರೂ?" ಅವನು ಮಾತಾಡಲಿಲ್ಲ. ಪೆನ್ಸಿಲು ತಗೊಂಡು ಪುಸ್ತಕದ ಅಂಚಿನಲ್ಲಿ ಬರೆದ. ಟ್ರಂಕಿನಲ್ಲಿ ಸಿಕ್ಕಿದ್ದು ಅದೇ ಸಾಲು.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ಆಯ್ಕೆಗಳು 18, 21, 24, ಕಂಪೈಲರ್ ಎರರ್. 'ಇವ್ಯಾವುದೂ ಅಲ್ಲ' ಅನ್ನೋ ಆಯ್ಕೆ ಇರಲಿಲ್ಲ. ಅದೇ ಜಾತಿಯ ಇನ್ನೂ ನಾಲ್ಕೈದು ಇದ್ದವು. ತಪ್ಪು ಉತ್ತರಕ್ಕೆ ಅಂಕ ಕಳೀತಾರೆ ಅಂತ ಮೊದಲೇ ಹೇಳಿದ್ದರು. ನಾನು 24ಕ್ಕೆ ಗೆರೆ ಎಳೆದೆ. ಹಿಂದಿನ ರಾತ್ರಿ ಆ ಪುಟ ನಾನೂ ಓದಿದ್ದೆ, ಅರ್ಥವೂ ಆಗಿತ್ತು. ಆದರೂ ಎಳೆದೆ. ಅವನು ಅಂಥವನ್ನೆಲ್ಲ ಖಾಲಿ ಬಿಟ್ಟು, ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಯಾಕೆ ಬಿಟ್ಟೆ ಅಂತ ಕಾರಣ ಬರೆದು ಬಂದ.

ಸಂಜೆ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಅಂಟಿಸಿದರು. ನಾನು, ಹಾಸನ, ಪಟ್ಣ ಮೂವರೂ ಇದ್ದೆವು. ಅವನಿರಲಿಲ್ಲ.

ಆ ಒಂದು ಪ್ರಶ್ನೆಯಿಂದಲೇ ಹೋಯ್ತು ಅಂತ ನಾನು ಹೇಳಲ್ಲ, ಅವನೂ ಯಾವತ್ತೂ ಹೇಳಿಲ್ಲ. ಆದರೆ ನಾಲ್ಕು ಜನರಲ್ಲಿ ಆ ಭಾಷೆಯನ್ನು ಬರೆದವರಿಂದಲೇ ಕಲಿತವನು ಅವನೊಬ್ಬನೇ. ಆಚೆ ಉಳಿದವನೂ ಅವನೊಬ್ಬನೇ. ಕೊನೇ ಬಸ್ಸಿಗೆ ಹೊರಟಾಗ "ಟ್ರೀಟ್ ಯಾವಾಗ್ರೋ?" ಅಂತ ನಗುನಗುತ್ತಲೇ ಕೇಳಿದ. ಪುಸ್ತಕ ನನ್ನ ಬ್ಯಾಗಿಗೆ ಹಾಕಿ, "ನಂಗೆ ಇದು ಬೇಡ, ನೀನೇ ಇಟ್ಕೋ" ಅಂದ.

* * *

ಇದರ ಮುಂದಿನ ಭಾಗ ಹೇಳೋಕೆ ನನಗೆ ಸ್ವಲ್ಪ ನಾಚಿಕೆ.

2013ರಲ್ಲಿ ನಾನೇ ಸಂದರ್ಶನ ಮಾಡೋ ಕಡೆ ಕೂತಿದ್ದೆ. ಆ ಹೊತ್ತಿಗೆ ಜಗತ್ತು ಬದಲಾಗಿತ್ತು. 2005ರಲ್ಲಿ ಜಾಶುವಾ ಬ್ಲಾಕ್ ಮತ್ತು ನೀಲ್ ಗ್ಯಾಫ್ಟರ್ 'ಜಾವಾ ಪಜ್ಲರ್ಸ್' ತಂದು, ಪ್ರತಿಯೊಂದು ಒಗಟಿಗೂ ಭಾಷೆಯ ಕಾನೂನಿನ ಪ್ರಕಾರ ಯಾಕೆ ಹೀಗೆ ಅಂತ ಬಿಡಿಸಿ ಹೇಳಿದ್ದರು. 2007ರಲ್ಲಿ ಫಿಜ್‌ಬಜ್ ಅನ್ನೋ ಪುಟ್ಟ ಪರೀಕ್ಷೆ ಹೆಸರಾಗಿತ್ತು: 1ರಿಂದ 100ರವರೆಗೆ ಬರೆ, 3ರಿಂದ ಭಾಗ ಹೋದರೆ ಫಿಜ್, 5ರಿಂದ ಹೋದರೆ ಬಜ್, ಎರಡರಿಂದಲೂ ಹೋದರೆ ಫಿಜ್‌ಬಜ್. ಚಮತ್ಕಾರವೇ ಇಲ್ಲ, ಬುಡ ಗಟ್ಟಿ ಇದೆಯಾ ಅಂತ ನೋಡೋದಷ್ಟೇ. ಇದನ್ನೂ ಬರೆಯಲಾಗದ ಪದವೀಧರರು ಬರ್ತಾರೆ ಅನ್ನೋದೇ ಆಗ ದೊಡ್ಡ ಚರ್ಚೆಯಾಗಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಕೇಳಿದ್ದೇನು ಗೊತ್ತಾ? ಅದೇ. ಐದಿದ್ದ ಐ! ಬಾಯಿಗೆ ಬಂದದ್ದು ಅದೇ ಪ್ರಶ್ನೆ. ಎದುರಿಗೆ ಶ್ರವಣಬೆಳಗೊಳದ ಕಡೆಯ ಒಬ್ಬ ಹುಡುಗಿ. ಒಂದು ನಿಮಿಷ ಸುಮ್ಮನಿದ್ದು, ಮೆಲ್ಲಗೆ ಕೇಳಿದಳು.

"ಯಾವ ಕಂಪೈಲರು ಸಾರ್?"

ಪಕ್ಕದಲ್ಲಿ ಕೂತಿದ್ದವರು "ಎನಿ ಕಂಪೈಲರ್" ಅಂದರು. ಆ ಹುಡುಗಿ "ಹಂಗಾದ್ರೆ ಹೇಳಕ್ಕಾಗಲ್ಲ ಸಾರ್" ಅಂದಳು. ಪಕ್ಕದವರು ಅಂಕದ ಹಾಳೆಯಲ್ಲಿ ಸೊನ್ನೆ ಹಾಕೋಕೆ ಪೆನ್ನು ತೆಗೆದರು. ನಾನು ಅವರ ಕೈ ಹಿಡಿದು ಪೂರ್ತಿ ಅಂಕ ಹಾಕಿಸಿದೆ. ಶೌರ್ಯ ಅಂತ ಅಂದ್ಕೋಬೇಡಿ. ಎಂಟು ವರ್ಷ ತಡವಾದ ಕೆಲಸ ಅದು, ಅದೂ ಬೇರೆಯವರ ಲೆಕ್ಕಕ್ಕೆ.

ಈ ಖಾಯಿಲೆ ಇನ್ನೂ ಹೋಗಿಲ್ಲ. ಭಾಷೆ ಬದಲಾದ ಹಾಗೆ ಪ್ರಶ್ನೆ ವೇಷ ಬದಲಿಸುತ್ತೆ. ಪೈಥಾನಿನಲ್ಲಿ ಎರಡು ಕಡೆ 256 ಇಟ್ಟು 'ಇವೆರಡೂ ಒಂದೇ ವಸ್ತುವಾ' ಅಂದರೆ ಹೌದು ಅನ್ನುತ್ತೆ, 257 ಇಟ್ಟರೆ ಅಲ್ಲ ಅನ್ನಬಹುದು. ಕಾರಣ ಸಿಪೈಥಾನ್ -5ರಿಂದ 256ರವರೆಗಿನ ಸಂಖ್ಯೆಗಳನ್ನು ಮೊದಲೇ ಮಾಡಿಟ್ಟುಕೊಂಡಿರುತ್ತೆ. ಅದು ಆ ಸಾಫ್ಟ್‌ವೇರಿನ ಒಳ ಏರ್ಪಾಡು, ಭಾಷೆಯ ಕಾನೂನಲ್ಲ. ಇದನ್ನೂ ಸಂದರ್ಶನದಲ್ಲಿ ಕೇಳೋರಿದ್ದಾರೆ. ಭಾಷೆಗಳೇ ಗುಂಡಿ ಮುಚ್ಚಿದ್ದೂ ಇದೆ. 2017ರ ಸಿ++ ಮಾನಕದಲ್ಲಿ ಐ = ಐ++ ಅನ್ನೋದಕ್ಕೆ ಕೊನೆಗೂ ಅರ್ಥ ಬಂತು. ನಮ್ಮ ++ಐ + ++ಐಗೆ ಮಾತ್ರ ಅಲ್ಲೂ ಬಿಡುಗಡೆ ಆಗಿಲ್ಲ. ಜಿಸಿಸಿಗೆ ಎಚ್ಚರಿಕೆಗಳನ್ನೆಲ್ಲ ತೋರಿಸು ಅಂತ ಹೇಳಿದರೆ, ಈ ಸಾಲು ಕಂಡ ಕೂಡಲೇ ಇದಕ್ಕೆ ಅರ್ಥ ಇಲ್ಲದೆ ಹೋಗಬಹುದು ಅಂತ ಅದೇ ಹೇಳುತ್ತೆ. ಅರಕಲಗೂಡಿನವನು ಪೆನ್ಸಿಲಿನಲ್ಲಿ ಬರೆದಿದ್ದನ್ನೇ!

* * *

ಏಣಿ ಇಳಿದು ಅವನಿಗೇ ಫೋನ್ ಮಾಡಿದೆ. ಅವನೀಗ ಡಿಪ್ಲೊಮಾ ಮಕ್ಕಳಿಗೆ ಪಾಠ ಮಾಡ್ತಾನೆ. ಪುಸ್ತಕ ಸಿಕ್ಕಿದ್ದು ಹೇಳಿದೆ. "ಇನ್ನೂ ಇಟ್ಕೊಂಡಿದ್ಯೇನೋ!" ಅಂತ ಜೋರಾಗಿ ನಕ್ಕ. ಆವತ್ತು ನಾನು ಗೊತ್ತಿದ್ದೂ 24ಕ್ಕೆ ಗೆರೆ ಎಳೆದಿದ್ದನ್ನು ಮೊದಲ ಸಲ ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ನಿಮ್ಮನೇಲಿ ಆಗ ಕಷ್ಟ ಇತ್ತಲ್ಲೋ" ಅಂದ. ಅವನ ಮನೆಯಲ್ಲೂ ಇತ್ತು. ಆ ಮಾತು ಇಬ್ಬರೂ ಆಡಲಿಲ್ಲ.

"ನೀನೀಗ ಮಕ್ಕಳಿಗೆ ಏನ್ ಕೇಳ್ತೀಯ?" ಅಂದೆ.

ಅವನು ಹೇಳಿದ್ದು ನಮ್ಮಂಥ ಯುನಿಕೋಡ್ ಕನ್ನಡದವರಿಗೆ ಹಬ್ಬದೂಟ. ಅದಕ್ಕೇ ಈ ಪೋಸ್ಟು.

"ನಿಮ್ಮ ಊರಿನ ಹೆಸರು ಕನ್ನಡದಲ್ಲಿ ಬರೀರಿ, ಅದರ ಉದ್ದ ಎಷ್ಟು ಅಂತ ಪ್ರೋಗ್ರಾಂ ಬರೀರಿ" ಅಂತಾನಂತೆ.

ಹಾಸನ ತಗೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಜಾವಾ ಅಥವಾ ಪೈಥಾನ್ 3 ಕೇಳಿದರೆ 4 ಅನ್ನುತ್ತೆ, ಯಾಕಂದ್ರೆ ಯುನಿಕೋಡಿನಲ್ಲಿ 'ಹಾ' ಅಂದರೆ ಹ ಒಂದು, ದೀರ್ಘದ ಚಿಹ್ನೆ ಒಂದು. ಸಿ ಭಾಷೆಯ ಉದ್ದ ಅಳೆಯೋ ಫಂಕ್ಷನ್ನಿಗೆ ಯುಟಿಎಫ್-8ರಲ್ಲಿ ಕೊಟ್ಟರೆ 12, ಯಾಕಂದ್ರೆ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು. ಅರಕಲಗೂಡು: ಅಕ್ಷರ 6, ಚಿಹ್ನೆ 8, ಬೈಟು 24 (ಹೌದು, ಅದೇ 24!). ಚನ್ನರಾಯಪಟ್ಟಣ: 7, 12, 36. ನಮ್ಮ ಹೊಳೆನರಸೀಪುರ: 7, 11, 33. ಅದರಲ್ಲೂ 'ಹೊ' ಮತ್ತು 'ಸೀ' ಬರೆಯೋಕೆ ಯುನಿಕೋಡಿನಲ್ಲಿ ಎರಡು ದಾರಿ ಇವೆ. ಒತ್ತಟ್ಟಿಗೆ ಒಂದೇ ಚಿಹ್ನೆ, ಅಥವಾ ಬಿಡಿಸಿ ಎರಡು. ಬಿಡಿಸಿ ಬರೆದರೆ 13 ಚಿಹ್ನೆ, 39 ಬೈಟು. ಕಣ್ಣಿಗೆ ಎರಡೂ ಒಂದೇ!

ಇನ್ನು ಹಾಸನವನ್ನು ತಿರುಗಿಸಿ ಬರೆ ಅಂದರೆ 'ನಸಹಾ' ಬರಬೇಕು. ಪುಸ್ತಕದಲ್ಲಿದ್ದ ಹಾಗೆ ಒಂದೊಂದು ಚಿಹ್ನೆ ಹಿಂದುಮುಂದು ಮಾಡಿದರೆ 'ನಸಾಹ' ಬರುತ್ತೆ. ಹನ ದೀರ್ಘವನ್ನು ಸ ಕದ್ದಿತು ನೋಡಿ.

ಇಲ್ಲೂ ಒಂದು ಪ್ರಶ್ನೆಗೆ ಮೂರು ಉತ್ತರ. ಆದರೆ ಪ್ರತಿ ಉತ್ತರಕ್ಕೂ ಕಾರಣ ಇದೆ, 'ಯಾವುದನ್ನು ಎಣಿಸಬೇಕು ಸಾರ್?' ಅಂತ ಕೇಳಿದವನೇ ಜಾಣ. ಹೆಸರು ಕತ್ತರಿಸಿಹೋಗುವ ರೇಷನ್ ಕಾರ್ಡು, ಟಿಕೆಟ್ಟು ನೋಡಿದವರಿಗೆ ಇದು ಬರೀ ಒಗಟಲ್ಲ ಅಂತ ಗೊತ್ತು.

ಕೊನೆಗೊಂದು ತಮಾಷೆ. ಈ ಯುಟಿಎಫ್-8 ಮಾಡಿದ್ದು ಯಾರು ಗೊತ್ತಾ? 1992ರ ಸೆಪ್ಟೆಂಬರಿನಲ್ಲಿ, ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ತಟ್ಟೆ ಕೆಳಗೆ ಹಾಸೋ ಕಾಗದದ ಮೇಲೆ ರಾಬ್ ಪೈಕ್ ಎದುರಿಗೆ ಗೀಚಿದವರು ಅದೇ ಕೆನ್ ಥಾಂಪ್ಸನ್. ++ ಕೊಟ್ಟವರೂ ಅವರೇ, ನಾನೀಗ ಬರೀತಿರೋ ಕನ್ನಡ ನಿಮ್ಮ ತೆರೆಗೆ ಬರೋ ಹಾದಿ ಹಾಕಿದವರೂ ಅವರೇ. ಇನ್ನೂ ಕೇಳಿ: 1999ರ ಸಿ ಮಾನಕದ ಅನುಬಂಧದಲ್ಲಿ, ಹೆಸರಿಡಲು ಬಳಸಬಹುದಾದ ಲಿಪಿಗಳ ಪಟ್ಟಿಯಲ್ಲಿ ಕನ್ನಡವೂ ಇದೆ. 2020ರ ಜಿಸಿಸಿ 10ರಿಂದ ನೇರವಾಗಿ 'ಐ' ಅಂತ ಕನ್ನಡದಲ್ಲೇ ಬರೆದರೂ ನಡೆಯುತ್ತೆ. ಈ ಪೋಸ್ಟಿನಲ್ಲಿ ನಾನು ಬರೆದ ++ಐ ನಿಜವಾಗಲೂ ಓಡುತ್ತೆ ಸ್ವಾಮಿ! ಉತ್ತರ ಮಾತ್ರ ಕೇಳಬೇಡಿ.

ಟ್ರಂಕು ಒಲೆಗೆ ಹೋಗಲಿಲ್ಲ. ಆ ಜೆರಾಕ್ಸ್ ಪುಸ್ತಕ ಪಾರ್ಸೆಲ್ ಮಾಡಿ ಅರಕಲಗೂಡಿಗೆ ಕಳಿಸ್ತಿದ್ದೀನಿ. ಅವನ ಮಕ್ಕಳಿಗೆ ತೋರಿಸಬೇಕಂತೆ.

ಸರಿ, ಈಗ ನಿಮ್ಮ ಸರದಿ. ನಿಮ್ಮೂರಿನ ಹೆಸರು ಎಷ್ಟು ಅಕ್ಷರ, ಎಷ್ಟು ಚಿಹ್ನೆ, ಎಷ್ಟು ಬೈಟು? ಎಣಿಸಿ ಹೇಳಿ. ಒತ್ತಕ್ಷರ ಇರೋ ಊರಿನವರು ಹುಷಾರು, ಮಧ್ಯದಲ್ಲಿರೋ ಕಾಣದ ವಿರಾಮ ಚಿಹ್ನೆ ಮರೀಬೇಡಿ :-)